ನಾಲ್ಕನೇ ಲೈನಿನ ಹುಡುಗರು

ಎಡ್ಮಂಟನ್ನಿನಲ್ಲಿ ಐಸ್ ಹಾಕಿಯ ಆಟ ಜೂನ್‌ನಲ್ಲಿ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಜುಲೈ 1 ಕೆನಡಾ ಡೇ, ದೇಶದ ಹಬ್ಬ. ಅದೇ ದಿನ ನಮ್ಮೂರ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಹೊಡೆಯುತ್ತಿದ್ದಂತೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಫ್ರೀ ಏಜೆನ್ಸಿ ಶುರು. ಒಪ್ಪಂದ ಮುಗಿದ ಆಟಗಾರರು ಅಂದಿನಿಂದ ಯಾವ ತಂಡಕ್ಕೆ ಬೇಕಾದರೂ ಸಹಿ ಹಾಕಬಹುದು. ಪಾರ್ಕಿನಲ್ಲಿ ಮಕ್ಕಳು ಕೆನ್ನೆಗೆ ಮೇಪಲ್ ಎಲೆ ಬರೆಸಿಕೊಳ್ಳುತ್ತಿರುತ್ತಾರೆ. ಅಪ್ಪಂದಿರು ಗ್ರಿಲ್ ಮುಂದೆ ನಿಂತು, ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಫೋನ್ ಹಿಡಿದು, ನಮ್ಮ ಆಯ್ಲರ್ಸ್ ತಂಡದ ಮೂರನೇ ಲೈನಿಗೆ ಯಾರು ಬಂದರು, ಯಾರು ಹೋದರು ಅಂತ ನೋಡುತ್ತಿರುತ್ತಾರೆ. ಈ ದಿನಗಳಲ್ಲಿ ಇಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ವಾದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ.

ಮೈಸೂರಿನಲ್ಲಿ ಬೆಳೆದ ನನಗೆ ಹಾಕಿ ಎಂದರೆ ಕೊಡಗಿನವರ ಆಟ, ಹುಲ್ಲಿನ ಮೇಲಿನ ಆಟ. ಈ ಊರಿಗೆ ಬಂದ ಮೇಲೆ ಮಂಜುಗಡ್ಡೆಯ ಹಾಕಿ ಹಚ್ಚಿಕೊಂಡಿತು. ಆಟಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಬೇಸಿಗೆಯ ಈ ಮಾತುಕತೆಯೇ. ನಮ್ಮ ತಂಡದ ತಾರೆ ಕಾನರ್ ಮ್ಯಾಕ್‌ಡೇವಿಡ್ ಬಗ್ಗೆ ಜುಲೈನಲ್ಲಿ ಯಾರೂ ವಾದ ಮಾಡುವುದಿಲ್ಲ. ಲಿಯಾನ್ ಡ್ರೈಸೈಟಲ್ ಬಗ್ಗೆಯೂ ಇಲ್ಲ. ಜಗತ್ತಿನ ಅತ್ಯುತ್ತಮರ ಬಗ್ಗೆ ವಾದಿಸುವುದಕ್ಕೆ ಏನಿದೆ? ರಾತ್ರಿಗೆ ಹತ್ತು ನಿಮಿಷ ಆಡುವವನು ಯಾರಾಗಬೇಕು ಎಂಬುದೇ ಜಗಳ. ಇಲ್ಲಿಯ ಜನಕ್ಕೆ ಈ ಆಟ ಎಷ್ಟು ಆಳವಾಗಿ ಗೊತ್ತು ಅನ್ನುವುದು ನನಗೆ ಕಂಡದ್ದು ಈ ಜಗಳಗಳಲ್ಲೇ.

ಆಟದ ರಚನೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಒಂದು ಪಂದ್ಯಕ್ಕೆ ಇಪ್ಪತ್ತು ಜನ ಇಳಿಯುತ್ತಾರೆ. ಗೋಲ್‌ಕೀಪರ್ ಇಬ್ಬರು, ಡಿಫೆನ್ಸ್ ಆರು, ಫಾರ್ವರ್ಡ್ ಹನ್ನೆರಡು. ಹನ್ನೆರಡು ಜನ ಮೂವರು ಮೂವರಾಗಿ ನಾಲ್ಕು ಲೈನ್ ಆಗುತ್ತಾರೆ. ಒಂದು ಲೈನ್ ಐಸ್ ಮೇಲೆ ಇರುವುದು ಮುಕ್ಕಾಲು ನಿಮಿಷದ ಆಸುಪಾಸು. ಅಷ್ಟರಲ್ಲಿ ಶ್ವಾಸಕೋಶ ಬರಿದಾಗುತ್ತದೆ, ಮುಂದಿನವರು ಅಡ್ಡಗೋಡೆ ಹಾರಿ ಇಳಿಯುತ್ತಾರೆ. ಹಾಗಾಗಿ ಮ್ಯಾಕ್‌ಡೇವಿಡ್ ಎಷ್ಟೇ ದೊಡ್ಡವನಾದರೂ ಅರವತ್ತು ನಿಮಿಷದಲ್ಲಿ ಅವನು ಆಡುವುದು ಇಪ್ಪತ್ತೆರಡೋ ಇಪ್ಪತ್ತಮೂರೋ. ಉಳಿದ ಮೂವತ್ತೇಳು ನಿಮಿಷ ಪಂದ್ಯ ಯಾರ ಕೈಯಲ್ಲಿ ಇರುತ್ತದೆ ಎಂಬುದೇ ಇವರ ಬೇಸಿಗೆಯ ಚರ್ಚೆ. ಆ ಮೂವತ್ತೇಳು ನಿಮಿಷದವರನ್ನು ಇಲ್ಲಿ ಡೆಪ್ತ್ ಪ್ಲೇಯರ್ಸ್ ಅನ್ನುತ್ತಾರೆ.

ನಾನು ಈ ಬರಹಕ್ಕೆ ಕೂತದ್ದು 2024ರ ಬೇಸಿಗೆಯ ಒಂದು ಸಿಟ್ಟು ಇನ್ನೂ ಆರಿಲ್ಲದಿರುವುದಕ್ಕೆ.

ಆ ವರ್ಷ ಆಯ್ಲರ್ಸ್ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ, ಅಂದರೆ ಲೀಗ್‌ನ ಏಳು ಪಂದ್ಯಗಳ ಅಂತಿಮ ಸರಣಿಯಲ್ಲಿ, ಫ್ಲಾರಿಡಾ ಪ್ಯಾಂಥರ್ಸ್ ಎದುರು ಮೊದಲ ಮೂರು ಪಂದ್ಯ ಸೋತರು. ಆಮೇಲೆ ಮೂರನ್ನು ಗೆದ್ದರು. ಜೂನ್ 24ರ ಏಳನೇ ಪಂದ್ಯದಲ್ಲಿ 2-1ರಿಂದ ಸೋತರು. ಒಂದೇ ಒಂದು ಗೋಲು. ಮ್ಯಾಕ್‌ಡೇವಿಡ್ ಆ ಪ್ಲೇಆಫ್‌ನಲ್ಲಿ 42 ಅಂಕ (ಗೋಲಿಗೂ ಗೋಲಾಗುವ ಪಾಸಿಗೂ ಒಂದೊಂದು) ಗಳಿಸಿ, ಸೋತ ತಂಡದವನಾದರೂ ಅತ್ಯುತ್ತಮ ಆಟಗಾರನ ಕಾನ್ ಸ್ಮಿತ್ ಟ್ರೋಫಿ ಪಡೆದ. ಎಲ್ಲರ ನೆನಪಿನಲ್ಲಿ ಉಳಿದದ್ದು ಅದು. ಆದರೆ ಆರನೇ ಮತ್ತು ಏಳನೇ ಪಂದ್ಯದ ಸ್ಕೋರ್‌ಶೀಟ್ ತೆಗೆದು ನೋಡಿ, ಮ್ಯಾಕ್‌ಡೇವಿಡ್ ಹೆಸರು ಇಲ್ಲ. ಆರನೇ ಪಂದ್ಯವನ್ನು 5-1ರಿಂದ ಗೆದ್ದಾಗ ಗೋಲು ಹೊಡೆದವರು ವಾರನ್ ಫೋಗೆಲ್, ಆ್ಯಡಮ್ ಹೆನ್ರಿಕ್, ಜ್ಯಾಕ್ ಹೈಮನ್, ರಯಾನ್ ಮೆಕ್ಲೌಡ್, ಡಾರ್ನೆಲ್ ನರ್ಸ್. ಏಳನೇ ಪಂದ್ಯದ ನಮ್ಮ ಏಕೈಕ ಗೋಲು ಮಟಿಯಾಸ್ ಯಾನ್‌ಮಾರ್ಕ್‌ನದು, ಅದಕ್ಕೆ ದೂರದಿಂದ ಉದ್ದನೆಯ ಪಾಸ್ ಕೊಟ್ಟವನು ಕೋಡಿ ಸೀಸಿ. ಊರಿನ ಅರ್ಧ ಜನ ಸೀಸಿಯನ್ನು ಅಷ್ಟೂ ವರ್ಷ ಬೈದವರೇ.

ಆ ಪ್ಲೇಆಫ್‌ನ ನಿಜವಾದ ಬೆರಗು ಪೆನಾಲ್ಟಿ ಕಿಲ್. ತಪ್ಪು ಮಾಡಿದ ಆಟಗಾರ ಎರಡು ನಿಮಿಷ ಹೊರಗೆ ಕೂರಬೇಕು. ಐದು ಜನರ ಎದುರು ನಾಲ್ಕೇ ಜನ. ಆ ನಾಲ್ವರು ಒಂದು ಚೌಕ ಕಟ್ಟಿಕೊಂಡು, ಎದುರಿನವರು ಪಕ್ ಅನ್ನು (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಬಲಕ್ಕೆ ದಾಟಿಸಿದರೆ ಬಲಕ್ಕೆ, ಎಡಕ್ಕೆ ದಾಟಿಸಿದರೆ ಎಡಕ್ಕೆ ಜರುಗುತ್ತ ಇರುತ್ತಾರೆ. ಕಣ್ಣು ಪಕ್ ಮೇಲಿದ್ದರೂ ಸ್ಟಿಕ್ ಪಾಸ್ ಹೋಗುವ ದಾರಿಯಲ್ಲಿರಬೇಕು. ಐಸ್ ಮೇಲಿನ ನೀಲಿ ಗೆರೆಯ ಬಳಿಯಿಂದ ಒಬ್ಬ ಕೈಯೆತ್ತಿ ಹೊಡೆಯಲು ಸಜ್ಜಾದಾಗ ಎದುರಿಗಿರುವವನು ಒಂದು ಮೊಣಕಾಲೂರಿ ತನ್ನ ಮೈಯನ್ನೇ ಅಡ್ಡ ಇಡುತ್ತಾನೆ. ಗಂಟೆಗೆ 140 ಕಿಲೋಮೀಟರ್ ವೇಗದ ಗಟ್ಟಿ ರಬ್ಬರ್ ಬಂದು ಪಾದಕ್ಕೋ ಪಕ್ಕೆಗೋ ಬಡಿಯುತ್ತದೆ. ಕುಂಟುತ್ತಲೇ ಮತ್ತೆ ಚೌಕಕ್ಕೆ ಸೇರಿಕೊಳ್ಳುತ್ತಾನೆ, ಏಕೆಂದರೆ ಅವನು ಆಚೆ ಹೋದರೆ ಉಳಿಯುವುದು ಮೂವರೇ. 2024ರ ಪ್ಲೇಆಫ್‌ನಲ್ಲಿ ಆಯ್ಲರ್ಸ್ ಇಂಥ 70 ಸಂದರ್ಭಗಳಲ್ಲಿ 66ರಲ್ಲಿ ಗೋಲು ಬಿಡಲಿಲ್ಲ. ಆ ಕೆಲಸ ಮುಂದೆ ನಿಂತು ಮಾಡಿದವರು ಯಾನ್‌ಮಾರ್ಕ್ ಮತ್ತು ಕಾನರ್ ಬ್ರೌನ್.

ಬ್ರೌನ್‌ನ ಕಥೆ ಈ ಊರಿನವರಿಗೆ ಬಾಯಿಪಾಠ. ಮೊಣಕಾಲಿನ ದೊಡ್ಡ ಗಾಯದಿಂದ ಎದ್ದು 2023ರಲ್ಲಿ ಇಲ್ಲಿಗೆ ಬಂದ. ಸಂಬಳ ಕನಿಷ್ಠ ದರದ್ದು, 7.75 ಲಕ್ಷ ಡಾಲರ್. ಹತ್ತು ಪಂದ್ಯ ಆಡಿದರೆ 32.25 ಲಕ್ಷ ಬೋನಸ್. ಹತ್ತು ಪಂದ್ಯ ಆಡಿದ, ಬೋನಸ್ ಬಂತು, ಗೋಲು ಬರಲಿಲ್ಲ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ ಹಾಗೇ ಕಳೆದವು. ಮೊದಲ ಗೋಲು ಬಂದದ್ದು ಮಾರ್ಚ್ 13ಕ್ಕೆ, ತನ್ನ 55ನೇ ಪಂದ್ಯದಲ್ಲಿ. ಆವತ್ತು ನಮ್ಮ ತವರು ಅಂಗಳ ರಾಜರ್ಸ್ ಪ್ಲೇಸ್‌ನಲ್ಲಿ ಎದ್ದ ಕೂಗು ಮ್ಯಾಕ್‌ಡೇವಿಡ್‌ನ ನೂರು ಗೋಲುಗಳಿಗೂ ಸಿಕ್ಕಿರಲಿಕ್ಕಿಲ್ಲ. ಆ ಚಳಿಗಾಲ ಪೂರ್ತಿ ಅವನನ್ನು ಕೂರಿಸಿ ಅಂದವರು ಎಷ್ಟೋ ಜನ. ಕೋಚ್ ಕೂರಿಸಲಿಲ್ಲ, ಏಕೆಂದರೆ ಗೋಲಿನ ಪಟ್ಟಿಯಲ್ಲಿ ಕಾಣದ ಕೆಲಸವನ್ನು ಅವನು ಪ್ರತಿ ರಾತ್ರಿ ಮಾಡುತ್ತಿದ್ದ. ಫೈನಲ್‌ನ ಐದನೇ ಪಂದ್ಯದಲ್ಲಿ, ನಾಲ್ಕೇ ಜನರಿರುವಾಗ, ಪಕ್ ಕಿತ್ತುಕೊಂಡು ಒಬ್ಬನೇ ಓಡಿ ಮೊದಲ ಗೋಲು ಹೊಡೆದವನು ಇದೇ ಬ್ರೌನ್. ಹಿಂದಿನ ಪಂದ್ಯದಲ್ಲಿ ಅದೇ ರೀತಿ ಯಾನ್‌ಮಾರ್ಕ್‌ಗೆ ಹೊಡೆಸಿದ್ದ. ಫೈನಲ್ ತಿರುಗಿದ್ದು ಆ ಎರಡು ಗೋಲುಗಳಿಂದ ಎಂದು ನಾನು ಯಾರೆದುರು ಬೇಕಾದರೂ ವಾದಿಸುತ್ತೇನೆ.

ಒಂದು ಗೋಲಿನ ಅಂತರಕ್ಕೆ ಬಂದ ಆ ತಂಡ ಬೇಸಿಗೆ ಮುಗಿಯುವ ಹೊತ್ತಿಗೆ ಏನಾಗಿತ್ತು? ಫೋಗೆಲ್ ಜುಲೈ 1ಕ್ಕೇ ಲಾಸ್ ಏಂಜಲಿಸ್‌ಗೆ ಹೋದ. ಮೆಕ್ಲೌಡ್‌ನನ್ನು ಜುಲೈ 5ರಂದು ಬಫಲೋಗೆ ಕೊಟ್ಟರು. ಡಿಫೆನ್ಸಿನ ವಿನ್ಸೆಂಟ್ ಡೆಹಾರ್ನೆ ವ್ಯಾಂಕೂವರ್ ಸೇರಿದ. ಸೀಸಿಯನ್ನು ಆಗಸ್ಟ್‌ನಲ್ಲಿ ಸ್ಯಾನ್ ಹೋಸೆಗೆ ಸಾಗಿಸಿದರು. ಆ ಆಗಸ್ಟ್ 13ಕ್ಕೆ ಸಿಡಿಲು ಬಂತು.

ಡಿಲನ್ ಹಾಲೊವೇ, ಫಿಲಿಪ್ ಬ್ರೊಬರ್ಗ್. ಇಬ್ಬರೂ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಲ್ಲಿ, ಆಯ್ಲರ್ಸ್‌ನ ಮೊದಲ ಸುತ್ತಿನ ಆಯ್ಕೆಗಳು. ಬ್ರೊಬರ್ಗ್ 2019ರಲ್ಲಿ ಎಂಟನೆಯವನು, ಹಾಲೊವೇ 2020ರಲ್ಲಿ ಹದಿನಾಲ್ಕನೆಯವನು. ಇಬ್ಬರೂ ವರ್ಷಗಟ್ಟಲೆ ಬೇಕರ್ಸ್‌ಫೀಲ್ಡ್‌ನ ಕಿರಿಯ ತಂಡಕ್ಕೂ ಎಡ್ಮಂಟನ್ನಿಗೂ ಓಡಾಡಿದವರು. ಹಾಲೊವೇ ಆ ಸೀಸನ್‌ನಲ್ಲಿ 38 ಪಂದ್ಯಕ್ಕೆ 9 ಅಂಕ ಗಳಿಸಿದ್ದ, ಅಷ್ಟೇ. ಆದರೆ ಪ್ಲೇಆಫ್‌ನ 25 ಪಂದ್ಯಗಳಲ್ಲಿ ಅವನ ಕಾಲಿಗೆ ರೆಕ್ಕೆ ಬಂದದ್ದನ್ನು ಕಂಡವರಿಗೆ ಆ 9 ಲೆಕ್ಕಕ್ಕೇ ಬರುತ್ತಿರಲಿಲ್ಲ. ಫೈನಲ್‌ನಲ್ಲಿ ನಾವು 8-1ರಿಂದ ಗೆದ್ದ ರಾತ್ರಿ ಅವನೊಬ್ಬನೇ ಎರಡು ಗೋಲು ಹೊಡೆದಿದ್ದ. ಸೇಂಟ್ ಲೂಯಿಸ್ ಬ್ಲೂಸ್ ತಂಡ ಈ ಇಬ್ಬರಿಗೂ ಒಟ್ಟಿಗೆ ಆಫರ್ ಶೀಟ್ ಕೊಟ್ಟಿತು. ಅಂದರೆ, ಹಳೇ ತಂಡದ ಹಿಡಿತದಲ್ಲೇ ಇರುವ ಎಳೆಯ ಆಟಗಾರನಿಗೆ ಬೇರೆ ತಂಡ ನೇರವಾಗಿ ಸಂಬಳ ಕಟ್ಟುವುದು. ಹಳೇ ತಂಡಕ್ಕೆ ಏಳು ದಿನ ಗಡುವು. ಅಷ್ಟೇ ಸಂಬಳ ಕೊಟ್ಟು ಉಳಿಸಿಕೊಳ್ಳಬೇಕು, ಇಲ್ಲವೇ ಪರಿಹಾರವಾಗಿ ಡ್ರಾಫ್ಟ್ ಆಯ್ಕೆ ಪಡೆದು ಬಿಟ್ಟುಕೊಡಬೇಕು.

ಬ್ರೊಬರ್ಗ್‌ಗೆ ವರ್ಷಕ್ಕೆ 45,80,917 ಡಾಲರ್, ಹಾಲೊವೇಗೆ 22,90,457. ಎರಡೂ ವಿಚಿತ್ರವಾದ ಸಂಖ್ಯೆಗಳು, ಎರಡೂ ಬೇಕೆಂದೇ ಆರಿಸಿದವು. ಪರಿಹಾರದ ಪಟ್ಟಿಯಲ್ಲಿ ಒಂದೊಂದು ಮಟ್ಟಕ್ಕೆ ಒಂದೊಂದು ಮಿತಿ ಇರುತ್ತದೆ. ಇವು ಆ ಮಿತಿಗಳೇ. ಒಂದು ಡಾಲರ್ ಹೆಚ್ಚು ಕೊಟ್ಟಿದ್ದರೂ ಬ್ಲೂಸ್ ದೊಡ್ಡ ಬೆಲೆ ತೆರಬೇಕಿತ್ತು. ಹಾಗಾಗಿ ಬ್ರೊಬರ್ಗ್‌ಗೆ ಎರಡನೇ ಸುತ್ತಿನ ಒಂದು ಆಯ್ಕೆ, ಹಾಲೊವೇಗೆ ಮೂರನೇ ಸುತ್ತಿನ ಒಂದು ಆಯ್ಕೆ. ಅಷ್ಟಕ್ಕೆ ಮುಗಿಯಿತು. ಆ ಲೆಕ್ಕ ಹಾಕಿದವರ ಬುದ್ಧಿಗೆ ನಾನು ತಲೆದೂಗುತ್ತೇನೆ, ಎಷ್ಟೇ ನೋವಾದರೂ.

ಆ ಏಳು ದಿನ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಕ್ಷೌರದಂಗಡಿಯಲ್ಲಿ, ಎಲ್‌ಆರ್‌ಟಿ ರೈಲಿನಲ್ಲಿ, ಮಕ್ಕಳ ಸಾಕರ್ ಮೈದಾನದ ಬದಿಯಲ್ಲಿ, ಎಲ್ಲಿ ಹೋದರೂ ಸ್ಯಾಲರಿ ಕ್ಯಾಪ್ ಲೆಕ್ಕ. ಒಂದು ತಂಡ ಇಷ್ಟೇ ಸಂಬಳ ಕೊಡಬೇಕೆಂಬ ಮಿತಿ ಆ ವರ್ಷ 8.8 ಕೋಟಿ ಡಾಲರ್ ಇತ್ತು. ಆಯ್ಲರ್ಸ್ ಆಗಲೇ ಅದರ ಅಂಚಿನಲ್ಲಿದ್ದರು. ಬ್ರೌನ್‌ಗೆ ಕೊಟ್ಟ ಆ ಬೋನಸ್‌ನ ಹೊರೆಯೂ ಹೊಸ ವರ್ಷದ ಲೆಕ್ಕಕ್ಕೇ ಬಿದ್ದಿತ್ತು. ಜನರಲ್ ಮ್ಯಾನೇಜರ್ ಸ್ಟ್ಯಾನ್ ಬೌಮನ್ ಬಂದು ಮೂರು ವಾರವೂ ಆಗಿರಲಿಲ್ಲ. ಡ್ರೈಸೈಟಲ್‌ನ ಹೊಸ ಒಪ್ಪಂದ ಎದುರಿಗಿತ್ತು. ಆಗಸ್ಟ್ 20ಕ್ಕೆ ಆಯ್ಲರ್ಸ್ ಇಬ್ಬರನ್ನೂ ಬಿಟ್ಟುಕೊಟ್ಟರು.

ಇಲ್ಲಿಯ ಮಿಲ್ ವುಡ್ಸ್ ಬಡಾವಣೆಯಲ್ಲಿರುವ ದಾವಣಗೆರೆಯ ಗೆಳೆಯನೊಬ್ಬ ನನ್ನ ಖಾಯಂ ಎದುರಾಳಿ. ಅವನ ವಾದ ಸರಳ. "ಇಂಥೋರು ವರ್ಷಾ ವರ್ಷ ಸಿಗ್ತಾರಪ್ಪ. ಮ್ಯಾಕ್‌ಡೇವಿಡ್ ಸಿಗಾಂಗಿಲ್ಲ. ದುಡ್ಡು ಎಲ್ಲಿ ಇಡ್ಬೇಕು ಹೇಳು." ಅವನ ಕಡೆಯೂ ಸಾಕ್ಷಿ ಇದೆ. ಅದೇ ಬ್ಲೂಸ್ ತಂಡ ನವೆಂಬರ್‌ನಲ್ಲಿ ಬೇಡವೆಂದು ವೇವರ್ಸ್‌ಗೆ (ಬೇರೆ ತಂಡ ಎತ್ತಿಕೊಳ್ಳಬಹುದಾದ ಪಟ್ಟಿಗೆ) ಬಿಟ್ಟ ಕಾಸ್ಪೆರಿ ಕಪಾನೆನ್‌ನನ್ನು ಆಯ್ಲರ್ಸ್ ಬಿಟ್ಟಿ ಎತ್ತಿಕೊಂಡರು. 2025ರ ಮೇನಲ್ಲಿ ವೇಗಸ್ ತಂಡವನ್ನು 1-0ರಿಂದ ಓವರ್‌ಟೈಮ್‌ನಲ್ಲಿ ಮನೆಗೆ ಕಳಿಸಿದ ಗೋಲು ಕಪಾನೆನ್‌ನದು. ನಾಲ್ಕನೇ ಸುತ್ತಿನ ಆಯ್ಕೆಗೆ ವ್ಯಾಂಕೂವರ್‌ನಿಂದ ತಂದ ವಸೀಲಿ ಪೊಡ್ಕೊಲ್ಜಿನ್ ಎಲ್ಲರಿಗೂ ಅಚ್ಚುಮೆಚ್ಚಾದ. ಕೋರಿ ಪೆರಿ ನಲವತ್ತರ ವಯಸ್ಸಿನಲ್ಲಿ ಆ ಪ್ಲೇಆಫ್‌ನಲ್ಲಿ ಹತ್ತು ಗೋಲು ಹೊಡೆದ. ತಂಡ ಮತ್ತೆ ಫೈನಲ್ ತಲುಪಿತು. "ಈಗ ಹೇಳು" ಅಂತ ಗೆಳೆಯ.

ಹೇಳುತ್ತೇನೆ. ನನ್ನ ದೂರು ಮ್ಯಾಕ್‌ಡೇವಿಡ್‌ಗೆ ಕೊಟ್ಟ ದುಡ್ಡಿನ ಬಗ್ಗೆ ಅಲ್ಲವೇ ಅಲ್ಲ. 2024ರ ಜುಲೈ 1ರಂದು ಆಯ್ಲರ್ಸ್ ಎರಡು ಹೆಸರಾಂತ ಹಿರಿಯರನ್ನು ತಂದರು: ವಿಕ್ಟರ್ ಆರ್ವಿಡ್‌ಸನ್‌ಗೆ ವರ್ಷಕ್ಕೆ 40 ಲಕ್ಷ, ಜೆಫ್ ಸ್ಕಿನ್ನರ್‌ಗೆ 30 ಲಕ್ಷ. ಕೂಡಿದರೆ 70 ಲಕ್ಷ. ಆಗಸ್ಟ್‌ನಲ್ಲಿ ಹಾಲೊವೇ, ಬ್ರೊಬರ್ಗ್ ಇಬ್ಬರನ್ನೂ ಉಳಿಸಿಕೊಳ್ಳಲು ಬೇಕಾಗಿದ್ದದ್ದು 69 ಲಕ್ಷಕ್ಕೂ ಕಡಿಮೆ. ಹಿರಿಯರಿಗೆ ಮೂವತ್ತು ದಾಟಿತ್ತು, ಹುಡುಗರಿಗೆ ಇಪ್ಪತ್ತೆರಡು, ಇಪ್ಪತ್ತಮೂರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಆ ಸೀಸನ್ ಮುಗಿದಾಗ ಹಾಲೊವೇ ಸೇಂಟ್ ಲೂಯಿಸ್‌ನಲ್ಲಿ 26 ಗೋಲು, 63 ಅಂಕ. ಬ್ರೊಬರ್ಗ್ ಡಿಫೆನ್ಸಿನಿಂದ 29 ಅಂಕ. ಬಫಲೋದಲ್ಲಿ ಮೆಕ್ಲೌಡ್ 20 ಗೋಲು, ಲಾಸ್ ಏಂಜಲಿಸ್‌ನಲ್ಲಿ ಫೋಗೆಲ್ 24. ಇಲ್ಲಿ ಸ್ಕಿನ್ನರ್ 16, ಆರ್ವಿಡ್‌ಸನ್ 15. ಅಲ್ಲಿ ಅವರಿಗೆ ಹೆಚ್ಚು ನಿಮಿಷ ಸಿಕ್ಕವು ಎಂಬ ಮಾತು ನಿಜ. ಆ ನಿಮಿಷಗಳನ್ನು ಇಲ್ಲೇ ಕೊಡಬಹುದಿತ್ತಲ್ಲ ಎಂಬುದೇ ನನ್ನ ಸಂಕಟ.

ಸ್ಕಿನ್ನರ್ ಮೇಲೆ ನನಗೆ ಸಿಟ್ಟಿಲ್ಲ. ಸಾವಿರಕ್ಕೂ ಹೆಚ್ಚು ಪಂದ್ಯ ಆಡಿ ಒಮ್ಮೆಯೂ ಪ್ಲೇಆಫ್ ಕಾಣದವನು ಅವನು. 2025ರ ಏಪ್ರಿಲ್‌ನಲ್ಲಿ ಕೊನೆಗೂ ಐಸ್‌ಗೆ ಇಳಿದಾಗ ಮನಸ್ಸು ತುಂಬಿ ಬಂದಿತ್ತು. ಆದರೆ ವರ್ಷ ಕಳೆಯುವಷ್ಟರಲ್ಲಿ ಅವನೂ ಇಲ್ಲ, ಆರ್ವಿಡ್‌ಸನ್‌ನೂ ಇಲ್ಲ. ಆರ್ವಿಡ್‌ಸನ್‌ನನ್ನು ಐದನೇ ಸುತ್ತಿನ ಒಂದು ಆಯ್ಕೆಗೆ ಬಾಸ್ಟನ್ನಿಗೆ ಕೊಟ್ಟಾಯಿತು.

2025ರ ಫೈನಲ್‌ನಲ್ಲಿ ಮತ್ತೆ ಅದೇ ಫ್ಲಾರಿಡಾ. ಈ ಬಾರಿ ಆರೇ ಪಂದ್ಯ. ಜೂನ್ 17ರ ಕೊನೆಯ ಪಂದ್ಯದಲ್ಲಿ 5-1. ಪ್ಯಾಂಥರ್ಸ್‌ನ ಮೂರನೇ ಲೈನಿನಲ್ಲಿ ಆ್ಯಂಟನ್ ಲುಂಡೆಲ್, ಈಟು ಲುಸ್ಟರಿನೆನ್, ಅವರ ಜೊತೆಗೆ ಬ್ರ್ಯಾಡ್ ಮಾರ್ಶಾಂಡ್. ಆ ಸರಣಿಯಲ್ಲಿ ಮಾರ್ಶಾಂಡ್ ಒಬ್ಬನೇ ಆರು ಗೋಲು. ಲುಂಡೆಲ್ ಫ್ಲಾರಿಡಾದವರು ತಾವೇ ಡ್ರಾಫ್ಟ್ ಮಾಡಿ ಬೆಳೆಸಿದ ಹುಡುಗ, ಲುಸ್ಟರಿನೆನ್ ಎಳೆಯವನಿದ್ದಾಗಲೇ ಟ್ರೇಡ್‌ನಲ್ಲಿ ತಂದು ಹದಮಾಡಿದವನು. ಮ್ಯಾಕ್‌ಡೇವಿಡ್ ಬೆಂಚಿಗೆ ಬಂದು ಕೂತಾಗ ಅವರ ಮೂರನೇ ಲೈನ್ ಇಳಿಯುತ್ತಿತ್ತು, ಆಟ ನಮ್ಮ ಕಡೆಯಿಂದ ಜಾರಿ ಹೋಗುತ್ತಿತ್ತು. ಹಿಂದಿನ ವರ್ಷದ ಆ ಉಕ್ಕಿನ ಪೆನಾಲ್ಟಿ ಕಿಲ್ ಆ ವರ್ಷ ಹೇಳಹೆಸರಿಲ್ಲದಂತಾಗಿತ್ತು.

ಅದೇ ಜೂನ್‌ನಲ್ಲಿ, 3ನೇ ತಾರೀಕು, ಆರ್‌ಸಿಬಿ ಐಪಿಎಲ್ ಗೆದ್ದಿತ್ತು. ಮರುದಿನ ಚಿನ್ನಸ್ವಾಮಿ ಎದುರು ಹನ್ನೊಂದು ಜೀವ ಹೋದದ್ದು ಅದರ ನೆನಪಿಗೆ ಸದಾ ಅಂಟಿಕೊಂಡೇ ಇರುತ್ತದೆ. ಆಟದ ಮಟ್ಟಿಗೆ ಹೇಳುವುದಾದರೆ, ಹದಿನೇಳು ವರ್ಷ ನಾವು ಮೇಲಿನ ಮೂರು ಬ್ಯಾಟರ್‌ಗಳ ಹೆಸರು ಹೇಳಿಕೊಂಡು ಬದುಕಿದವರು. ಗೆದ್ದ ವರ್ಷದ ಫೈನಲ್‌ನಲ್ಲಿ ಪಂದ್ಯಶ್ರೇಷ್ಠನಾದದ್ದು 5.75 ಕೋಟಿಗೆ ಕೊಂಡ ಕೃಣಾಲ್ ಪಾಂಡ್ಯ, ನಾಲ್ಕು ಓವರಿಗೆ 17 ರನ್, ಎರಡು ವಿಕೆಟ್. ಜೆಡ್ಡಾದ ಹರಾಜಿನಲ್ಲಿ ದೊಡ್ಡ ಹೆಸರುಗಳನ್ನು ಬಿಟ್ಟು ಇವರನ್ನು ಆರಿಸಿದಾಗ ನಮ್ಮ ಜನ ಎಷ್ಟು ಬೈದಿದ್ದರು ನೆನಪಿದೆಯಲ್ಲ. ಗೆಳೆಯನಿಗೆ ಇದನ್ನು ಹೇಳಿದೆ. ಅವನು ಕೃಣಾಲ್ ಹಿರಿಯ, ಹುಡುಗನಲ್ಲ ಅಂದ. ಅದೂ ಸರಿಯೇ.

ನನ್ನ ಆಫೀಸಿನಲ್ಲಿ ಇಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರಿದ್ದಾರೆ. 1984ರಿಂದ 1990ರವರೆಗಿನ ಐದೂ ಕಪ್ ಕಣ್ಣಾರೆ ಕಂಡವರು. ನಮ್ಮ ಜಗಳ ಕೇಳಿ ಅವರು ಎತ್ತುವುದು ಐದನೆಯದನ್ನು. 1988ರ ಆಗಸ್ಟ್ 9ರಂದು ವೇಯ್ನ್ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲಿಸ್‌ಗೆ ಮಾರಿದಾಗ ಊರೇ ಸೂತಕದಲ್ಲಿತ್ತಂತೆ. ಎರಡೇ ವರ್ಷಕ್ಕೆ, ಅವನಿಲ್ಲದೆ, 1990ರಲ್ಲಿ ಆಯ್ಲರ್ಸ್ ಮತ್ತೆ ಗೆದ್ದರು. ಮಾರ್ಕ್ ಮೆಸ್ಸಿಯೆ ನಾಯಕ. ಆದರೆ ಆ ಹಿರಿಯರು ಕಣ್ಣರಳಿಸಿ ಹೇಳುವುದು ಕಿಡ್ ಲೈನ್ ಬಗ್ಗೆ: ಆ್ಯಡಮ್ ಗ್ರೇವ್ಸ್, ಜೋ ಮರ್ಫಿ, ಮಾರ್ಟಿನ್ ಜೆಲಿನಾ. ಮೂವರೂ ಇಪ್ಪತ್ತರ ಆಚೀಚೆಯವರು. ಜೆಲಿನಾ ಗ್ರೆಟ್ಸ್‌ಕಿಯ ವ್ಯವಹಾರದಲ್ಲೇ ಬಂದವನು. ಅದೇ ವ್ಯವಹಾರದಲ್ಲಿ ಬಂದ ಜಿಮ್ಮಿ ಕಾರ್ಸನ್‌ನನ್ನು ಡೆಟ್ರಾಯ್ಟ್‌ಗೆ ಕೊಟ್ಟಾಗ ಗ್ರೇವ್ಸ್, ಮರ್ಫಿ ಬಂದರು. "ಮೆಸ್ಸಿಯೆ ದಣಿದಾಗ ಈ ಮಕ್ಕಳು ಇಳಿದು ಎದುರಿನವರ ಉಸಿರು ತೆಗೆಯುತ್ತಿದ್ದರು" ಅನ್ನುತ್ತಾರೆ ಅವರು. ಗೆಳೆಯ ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

2025ರ ಬೇಸಿಗೆಯ ಲೆಕ್ಕ ಇನ್ನೂ ಬಿಗಿಯಾಗಿತ್ತು. ಕ್ಯಾಪ್ 9.55 ಕೋಟಿಗೆ ಏರಿತ್ತು, ಸಂಬಳವೂ ಏರಿತ್ತು. ಡ್ರೈಸೈಟಲ್ 1.4 ಕೋಟಿ, ಮ್ಯಾಕ್‌ಡೇವಿಡ್ 1.25, ಇವಾನ್ ಬುಶಾರ್ಡ್ 1.05, ನರ್ಸ್ 92.5 ಲಕ್ಷ. ನಾಲ್ವರಿಗೇ 4.625 ಕೋಟಿ, ಹತ್ತಿರ ಹತ್ತಿರ ಅರ್ಧ. ಇಪ್ಪತ್ತಮೂರು ಜನರ ಪೂರ್ಣ ತಂಡದಲ್ಲಿ ಉಳಿದ ಹತ್ತೊಂಬತ್ತು ಜನರಿಗೆ ತಲಾ 26 ಲಕ್ಷವೂ ಬರುತ್ತಿರಲಿಲ್ಲ. ಬ್ರೌನ್‌ಗೆ ನ್ಯೂಜೆರ್ಸಿ ನಾಲ್ಕು ವರ್ಷದ ಒಪ್ಪಂದ ಕೊಟ್ಟಿತು, ನಾವು ಕೊಡಲಾಗಲಿಲ್ಲ. ಅವನು ಹೋದ ಸುದ್ದಿ ಬಂದಾಗ ನಮ್ಮ ಬೀದಿಯ ಹುಡುಗನೊಬ್ಬ, ಹತ್ತು ವರ್ಷವಿರಬಹುದು, 28ನೇ ನಂಬರಿನ ಜರ್ಸಿ ಹಾಕಿಕೊಂಡು ಡ್ರೈವ್‌ವೇಯಲ್ಲಿ ಒಬ್ಬನೇ ಬಾಲ್ ಹೊಡೆಯುತ್ತಿದ್ದ. ಮ್ಯಾಕ್‌ಡೇವಿಡ್‌ನ 97 ಅಲ್ಲ, ಬ್ರೌನ್‌ನ 28. ಅಂಗಡಿಯಲ್ಲಿ ಆ ನಂಬರ್ ಕೇಳಿ ಹಾಕಿಸಿಕೊಳ್ಳಬೇಕಾಗಿತ್ತು. ಪೆರಿಯೂ ಹೋದ, ಎವಾಂಡರ್ ಕೇನ್ ಕೂಡ ಹೋದ. ಆ್ಯಂಡ್ರೂ ಮಂಜಿಯಪಾನೆ ಬಂದ.

ಆದರೆ ಆ ಸಲ ನನ್ನ ಕಣ್ಣಿದ್ದದ್ದು ಇಬ್ಬರ ಮೇಲೆ. ಮೆಕ್ಲೌಡ್‌ನನ್ನು ಕೊಟ್ಟಾಗ ಬಂದ ಮ್ಯಾಥ್ಯೂ ಸವೋಯ್, ಪಕ್ಕದ ಸೇಂಟ್ ಆಲ್ಬರ್ಟ್‌ನಲ್ಲೇ ಹುಟ್ಟಿದವನು, ಆಗ 21 ವರ್ಷ. 2024-25ರ ಸೀಸನ್ ಬೇಕರ್ಸ್‌ಫೀಲ್ಡ್‌ನಲ್ಲಿ 66 ಪಂದ್ಯಕ್ಕೆ 54 ಅಂಕ. ಇನ್ನೊಬ್ಬ ಐಸಾಕ್ ಹೌವರ್ಡ್, 2025ರಲ್ಲಿ ಅಮೆರಿಕದ ಕಾಲೇಜು ಹಾಕಿಯ ಅತ್ಯುತ್ತಮನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಗೆದ್ದವನು, ಅದೇ ಜುಲೈನಲ್ಲಿ ಟ್ಯಾಂಪಾದಿಂದ ಬಂದ. ಆಗ ಇಬ್ಬರ ಸಂಬಳವೂ ಹತ್ತು ಲಕ್ಷದ ಒಳಗಿತ್ತು. ಅಕ್ಟೋಬರ್‌ನಲ್ಲಿ ಇಂಥ ಹುಡುಗರು ತಪ್ಪು ಮಾಡುತ್ತಾರೆ, ಖಂಡಿತ. ಪಕ್ ಕಳೆದುಕೊಳ್ಳುತ್ತಾರೆ, ಅದರಿಂದ ಗೋಲು ಬೀಳುತ್ತದೆ, ಹತ್ತನೇ ಪಂದ್ಯದ ಹೊತ್ತಿಗೆ ಇದೇ ಊರು ಇವರನ್ನು ಕೆಳಗೆ ಕಳಿಸಿ, ಅನುಭವಿಯನ್ನು ತನ್ನಿ ಅನ್ನುತ್ತದೆ. ಗೆಳೆಯ ಅನ್ನುತ್ತಾನೆ, ಅದರಲ್ಲಿ ಸಂಶಯವೇ ಇಲ್ಲ. ಬ್ರೌನ್‌ಗೆ ಕೊಟ್ಟಷ್ಟೇ ಅವಕಾಶ ಇವರಿಗೂ ಕೊಡಬೇಕು. ಮಾರ್ಚ್ ತನಕ, ಐವತ್ತೈದು ಪಂದ್ಯ ಆದರೂ. ಕೊಡದೆ ಮುಂದೊಂದು ಆಗಸ್ಟ್‌ನಲ್ಲಿ ಮತ್ತೊಬ್ಬರು ಬಂದು ಎತ್ತಿಕೊಂಡು ಹೋದರೆ, ನಾನಂತೂ ಸೇಂಟ್ ಲೂಯಿಸ್‌ನವರನ್ನು ಬೈಯುವುದಿಲ್ಲ.